ಮೂವತ್ತೊಂದನೇ ಸೈಟು

ಪ್ಲಿಮತ್, ಮಿಷಿಗನ್
19 ಜನವರಿ 2025

ಪ್ರಿಯ ಲತಾ,

ಫೋನು ಮಾಡಿದರೆ ಎರಡು ಮಾತಿಗೇ "ಕುಕ್ಕರ್ ಕೂಗ್ತಿದೆ ಕಣೇ" ಎಂದು ಇಟ್ಟುಬಿಡುತ್ತೀಯ. ಅದಕ್ಕೇ ಈ ಈಮೇಲು. ಇದಕ್ಕೆ ಕುಕ್ಕರಿನ ನೆಪ ನಡೆಯುವುದಿಲ್ಲ.

ವಿಷಯ ಇಷ್ಟೇ. ಆಗಸ್ಟ್ ಮೊದಲ ವಾರಾಂತ್ಯ ನಮ್ಮ ಎರಡೂ ಮನೆಯವರು ಮತ್ತೆ ಕ್ಯಾಂಪಿಂಗ್ ಹೋಗಬೇಕು. ಕ್ಯಾಂಟನ್ನಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆಗೆ ಗೋಡೆ ಹಚ್ಚಿಕೊಂಡು ಇದ್ದಾಗ ಶುರುಮಾಡಿದ್ದು. ನೀವು ಶಿಕಾಗೋ ಕಡೆ ಹೋದ ಮೇಲೂ, ಅರ್ಧ ದಾರಿ ನೀವು, ಅರ್ಧ ದಾರಿ ನಾವು ಬಂದು ಇಪ್ಪತ್ತು ವರ್ಷ ನಡೆಸಿದೆವು. ಕಳೆದ ವರ್ಷ ಯಾಕೆ ನಿಂತಿತು ಎಂದು ಕೇಳುವುದಿಲ್ಲ. ನಿನ್ನ ಮಗ ಸುದೀಪನಿಗೆ ಆಫೀಸು, ನನ್ನ ಮಗಳು ಇಳಾಗೆ ಲ್ಯಾಬು. ನಂಬಿದ್ದೇನೆ, ಬಿಡು.

ಮೂರು ಜಾಗ ನೋಡಿದ್ದೇನೆ. ಒಂದು, ಮಿಷಿಗನ್ ಸರೋವರದ ದಂಡೆಯ ಮರಳುದಿಬ್ಬದ ಸ್ಟೇಟ್ ಪಾರ್ಕು. ಇನ್ನೊಂದು ಜೋಡಿ ಕೆರೆಯ ಸ್ಟೇಟ್ ಪಾರ್ಕು, ಕಡೆಯ ಸಲ ಹೋದದ್ದು. ಮೂರನೆಯದು ಕಲಮಜೂ ಊರಿನ ಆಚೆ ಹೊಳೆ ದಂಡೆಯ ಕೌಂಟಿ ಪಾರ್ಕು. ನಾವ್ಯಾರೂ ಅಲ್ಲಿಗೆ ಹೋಗಿಲ್ಲ, ಚಿತ್ರದಲ್ಲಿ ಚೆನ್ನಾಗಿದೆ. ನಿಮ್ಮ ಮನೆಯವರು ದಿನೇಶ್ ಆರ್‌ವಿ ಕೊಂಡರಂತಲ್ಲ, ಆ ಮನೆಯಂಥ ಗಾಡಿ, ಬೇರೆಯವರ ಬಾಯಿಂದ ತಿಳಿಯಿತು. ಅದನ್ನು ನಿಲ್ಲಿಸಲು ಕರೆಂಟಿರುವ ಉದ್ದನೆಯ ಸೈಟು ಬೇಕು. ನಮಗೆ ಟೆಂಟು ಸಾಕು, ಆದರೆ ನಮ್ಮ ಮನೆಯವರಿಗೆ, ಡಾಕ್ಟರ್ ಶಿವಬಸಪ್ಪನವರಿಗೆ, ಈಗ ನಡು ನೋವು. ಬಾತ್‌ರೂಮು ನೂರು ಹೆಜ್ಜೆಯೊಳಗೆ ಇರಲಿ. ಎಂದಿನಂತೆ ಅಕ್ಕಪಕ್ಕದ ಎರಡು ಸೈಟು. ನಿಮ್ಮ ಕೋಳಿ ನಿಮ್ಮ ಒಲೆಯ ಮೇಲೆ, ನಮ್ಮ ರೊಟ್ಟಿ ನಮ್ಮ ಒಲೆಯ ಮೇಲೆ.

ಸ್ಟೇಟ್ ಪಾರ್ಕಿನ ಬುಕಿಂಗು ಆರು ತಿಂಗಳ ಮೊದಲು ತೆರೆಯುತ್ತದೆ. ಫೆಬ್ರುವರಿ ಒಂದು, ಬೆಳಿಗ್ಗೆ ಎಂಟಕ್ಕೆ. ಆರ್‌ವಿ ಎಷ್ಟುದ್ದ ಎಂದು ನಿನಗೇ ಗೊತ್ತು, ನೀನೇ ಬುಕ್ ಮಾಡು. ಇಳಾಗೆ ಇಪ್ಪತ್ತೆಂಟು ತುಂಬಿತು. ಮುಂದಿನ ಬೇಸಿಗೆಗೆ ನಮ್ಮ ಜೊತೆ ಬರುವಂತಿರುತ್ತಾಳೋ ಇಲ್ಲವೋ.

ನಿನ್ನ
ಪ್ರಭಾ


ನೇಪರ್ವಿಲ್, ಇಲಿನಾಯ್
23 ಜನವರಿ 2025

ಪ್ರಭಾ,

"ಬರುವಂತಿರುತ್ತಾಳೋ ಇಲ್ಲವೋ" ಎಂದರೆ ಏನರ್ಥ? ಗಂಡು ನೋಡಿದ್ದೀರಾ? ನೋಡಿದ್ದರೆ ನನಗೆ ಹೇಳದೆ ಇನ್ಯಾರಿಗೆ ಹೇಳುತ್ತೀಯ? ಕ್ಯಾಂಟನ್ನಿನಲ್ಲಿ ಅವಳಿಗೆ ಜ್ವರ ಬಂದ ರಾತ್ರಿಗಳಲ್ಲಿ ಎತ್ತಿಕೊಂಡು ಓಡಾಡಿದವಳು ನಾನು.

ಆರ್‌ವಿ ಕೊಂಡಿಲ್ಲ, ಬಾಡಿಗೆಗೆ ತರುತ್ತಾರೆ. ಕೊಂಡರು ಎಂದು ಹೇಳಿದ ಪುಣ್ಯಾತ್ಮರು ಯಾರೋ ತಿಳಿಸು, ಅವರಿಗೇ ತೋರಿಸಲು ಹೇಳುತ್ತೇನೆ.

ಜಾಗದ ಮಾತು. ಮರಳುದಿಬ್ಬ ಎಂದ ತಕ್ಷಣ ಸುದೀಪ "ಅಲ್ಲಿ ಬೇಡಮ್ಮ" ಎಂದ. ಜೋಡಿ ಕೆರೆ ಎಂದಾಗ ಎದ್ದು ತಟ್ಟೆ ತೊಳೆದಿಟ್ಟು ಹೊರಟುಹೋದ. ಮೂವತ್ತಕ್ಕೆ ಬಂದ ಮಗ, ಭಾನುವಾರ ಊಟಕ್ಕೆಂದು ಬರುತ್ತಾನೆ, ನನ್ನ ಜೊತೆ ಮಾತಾಡುವುದು ಊಟದಷ್ಟೇ ಹೊತ್ತು. ದಿನೇಶ್ "ಅವನನ್ನೇನು ಕೇಳ್ತೀಯ, ಬುಕ್ ಮಾಡೇ" ಎಂದರು. ಜೋಡಿ ಕೆರೆಯೇ ಇರಲಿ. ಒಂದನೇ ತಾರೀಖು ಎಂಟಕ್ಕೆ ಕಾಫಿ ಹಿಡಿದು ಕೂತಿರುತ್ತೇನೆ.

ಲತಾ


ಪ್ಲಿಮತ್
1 ಫೆಬ್ರುವರಿ 2025

ಲತಾ,

ಎಂಟೂ ಐದಕ್ಕೆ ಸುಮ್ಮನೆ ತೆರೆದು ನೋಡಿದೆ. ಜೋಡಿ ಕೆರೆಯಲ್ಲಿ ಅಕ್ಕಪಕ್ಕದ ಸೈಟುಗಳು ಎಷ್ಟೋ ಖಾಲಿ ಇದ್ದವು. ಎಂಟೂವರೆಗೆ ಒಂದೂ ಇಲ್ಲ. ನಮ್ಮದು ಸಿಕ್ಕಿತೆಂದು ಖುಷಿಯಿಂದ ನಿನಗೆ ಫೋನು ಮಾಡಿದರೆ ನೀನು ಇನ್ನೂ ಹಲ್ಲುಜ್ಜುತ್ತಿದ್ದೆ!

ಬರುವ ಮನಸ್ಸಿಲ್ಲದಿದ್ದರೆ ಇಲ್ಲವೆಂದೇ ಹೇಳಬಹುದಿತ್ತು. ಜೋಡಿ ಕೆರೆ ಎಂದಾಗ ಮಗ ಎದ್ದುಹೋದ ಎಂದು ನೀನೇ ಬರೆದೆ, ಆಮೇಲೆ ಬುಕಿಂಗು ತಪ್ಪಿತು. ನಾನೇನು ತಿಳಿದುಕೊಳ್ಳಬೇಕು? ಇವರು "ಹೋಗ್ಲಿ ಬಿಡ, ಮರ್ತಿರಬೇಕು" ಎಂದರು. ನೀನು ಮರೆಯುವವಳಲ್ಲ. ನನ್ನ ಮದುವೆಯ ದಿನಾಂಕವನ್ನು ನನಗಿಂತ ಮೊದಲು ನೆನಪಿಸುವವಳು ನೀನು.

ಪ್ರಭಾ


ನೇಪರ್ವಿಲ್
2 ಫೆಬ್ರುವರಿ 2025

ಪ್ರಭಾವತಿಯವರೇ,

ನಿಮ್ಮ ಎಂಟು ನಮಗೆ ಏಳು! ಇಪ್ಪತ್ತು ವರ್ಷ ನಿಮ್ಮ ಕಡೆಗೆ ಬರುವ ದಾರಿಯಲ್ಲಿ, ಇಂಡಿಯಾನಾದಲ್ಲಿ, ಗಡಿಯಾರ ಒಂದು ಗಂಟೆ ಮುಂದೆ ತಿರುಗಿಸಿಕೊಂಡು ಬಂದ ನನಗೆ ಇದು ಹೊಳೆಯಲಿಲ್ಲ. ತಪ್ಪು ನನ್ನದೇ, ಒಪ್ಪಿದೆ. ಆದರೆ ಈ ಗಂಟೆಯ ಲೆಕ್ಕ ನಿನಗೂ ಗೊತ್ತಿತ್ತಲ್ಲ? ಆರ್‌ವಿಯ ಉದ್ದದಿಂದ ಡಾಕ್ಟರ ನಡುವಿನವರೆಗೆ ಎಲ್ಲ ಬರೆದವಳು "ನಿಮ್ಮ ಏಳಕ್ಕೆ" ಎಂಬ ಎರಡು ಪದ ಬರೆಯಲಿಲ್ಲ. ಎಂಟೂ ಐದಕ್ಕೆ ಖಾಲಿ ಇದ್ದದ್ದು ಕಂಡರೂ ನೀನೇ ಒಂದು ಜೋಡಿ ಹಿಡಿದಿಡಲಿಲ್ಲ. ನಾನು ತಪ್ಪುವುದನ್ನೇ ಕಾಯುತ್ತಿದ್ದೆಯಾ?

ಜಗಳ ಸಾಕು. ಹೊಳೆ ದಂಡೆಯ ಕೌಂಟಿ ಪಾರ್ಕಿನಲ್ಲಿ ಆ ವಾರ ಮೂವತ್ತು, ಮೂವತ್ತೊಂದು ಖಾಲಿ ಇವೆ. ಮೂವತ್ತಕ್ಕೆ ಕರೆಂಟಿದೆ, ಮೂವತ್ತೊಂದು ಟೆಂಟಿಗೆ, ಬಾತ್‌ರೂಮು ಎದುರಿಗೇ. ಇದಕ್ಕೂ ಸುದೀಪ ಮುಖ ಗಂಟಿಕ್ಕಿದ. "ಥರ್ಟಿ ಒನ್ ಬೇಡಮ್ಮ. ಹಿಂದುಗಡೆನೇ ಟ್ರೈನ್ ಟ್ರ್ಯಾಕ್ ಇದೆ, ಬೆಳಗ್ಗೆ ಐದಕ್ಕೇ ಎಬ್ಬಿಸಿಬಿಡುತ್ತೆ. ನಲ್ಲಿ ಬೇರೆ ಸೋರುತ್ತೆ" ಎಂದ. ಎಲ್ಲಿ ಓದಿದನೋ. ನೀನು ಹ್ಞೂಂ ಅಂದರೆ ಹಿಡಿಯುತ್ತೇನೆ.

ಲತಾ


ಪ್ಲಿಮತ್
5 ಫೆಬ್ರುವರಿ 2025

ಲತಾ,

ನಿನ್ನೆ ಊಟಕ್ಕೆ ಕುಳಿತಾಗ ಇಳಾಗೆ ಬೇಕೆಂದೇ ಕೇಳಿದೆ. "ಹೊಳಿ ದಂಡಿ ಪಾರ್ಕಿನ್ಯಾಗ ಮೂವತ್ತೊಂದ ಹಿಡಿಯೋಣೇನ?" ಅವಳು ತಟ್ಟೆಯಿಂದ ತಲೆಯೆತ್ತದೆ "ನಾಟ್ ದಟ್ ಒನ್. ದ ಟ್ಯಾಪ್ ಲೀಕ್ಸ್" ಎಂದಳು.

ಈಗ ಹೇಳು. ನಾವಂತೂ ಆ ಪಾರ್ಕಿನ ಗೇಟನ್ನೂ ಕಂಡಿಲ್ಲ. ನಲ್ಲಿ ಸೋರುವುದು ಚಿತ್ರದಲ್ಲಿ ಕಾಣುವುದಿಲ್ಲ. ನಿಮ್ಮ ಹೊಸ ಗೆಳೆಯರ ಜೊತೆ ನೀವು ಅಲ್ಲಿಗೆ ಹೋಗಿ ಬಂದಿದ್ದೀರಿ. ಸುದೀಪ ಅದನ್ನು ಇಳಾಗೆ ಹೇಳಿದ್ದಾನೆ. ಅವನು ಹುಡುಗ, ಮುಚ್ಚಿಡಲು ಬರುವುದಿಲ್ಲ. ನಿನಗೆ ಬರುತ್ತದೆ. ನಮ್ಮನ್ನು ಬಿಟ್ಟು ಹೋದದ್ದಕ್ಕೆ ಬೇಸರವಿಲ್ಲ, ಬಿಟ್ಟು ಹೋಗಿ "ಎಲ್ಲಿ ಓದಿದನೋ" ಎಂದು ನಾಟಕವಾಡುತ್ತೀಯಲ್ಲ, ಅದಕ್ಕೆ ಮೈಯೆಲ್ಲ ಉರಿಯುತ್ತದೆ.

ಬೇಕಾದರೆ ಹಿಡಿ. ಬೇಡವಾದರೆ ಬಿಡು.

ಪ್ರಭಾ


ನೇಪರ್ವಿಲ್
27 ಏಪ್ರಿಲ್ 2025

ಪ್ರಭಾ,

ಹನ್ನೊಂದು ವಾರ ಬರೆಯಲಿಲ್ಲ. ಕೋಪದಲ್ಲಿ ಬರೆದರೆ ಆಮೇಲೆ ನುಂಗಲಾಗದಂಥದ್ದೇನಾದರೂ ಬಂದೀತು ಎಂದು ಸುಮ್ಮನಿದ್ದೆ. ನಾವು ಆ ಪಾರ್ಕಿಗೆ ಹೋಗಿಲ್ಲ. ನಂಬುವುದು ಬಿಡುವುದು ನಿನಗೆ ಸೇರಿದ್ದು.

ಈಗ ನನ್ನ ಪ್ರಶ್ನೆ. ಏಪ್ರಿಲ್ ಹನ್ನೆರಡರಂದು ನೀನು ಶಿಕಾಗೋದ ಡೆವನ್ ಅವೆನ್ಯೂದ ಸೀರೆ ಅಂಗಡಿಯಲ್ಲಿದ್ದೆ. ನಿನ್ನನ್ನು ಬಲ್ಲ ನಮ್ಮ ನೆರೆಮನೆಯ ತಾಯಮ್ಮ ಆಂಟಿ ಕಣ್ಣಾರೆ ಕಂಡರು. ರೇಷ್ಮೆ ಸೀರೆಗಳ ರಾಶಿ ಹಾಕಿಸಿಕೊಂಡು ಕೂತಿದ್ದೆಯಂತೆ. ಇಳಾ ಒಳಗೇ ಬರದೆ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತಿದ್ದಳಂತೆ. ಆಂಟಿ ಮಾತಾಡಿಸಿದರೆ "ಐ ಆಮ್ ಫೈನ್" ಎಂದಳಂತೆ, ಕಣ್ಣು ಮಾತ್ರ ಕೆಂಪಗಿತ್ತಂತೆ. ಡೆವನ್‌ನಿಂದ ನನ್ನ ಮನೆಗೆ ಮುಕ್ಕಾಲು ಗಂಟೆಯ ದಾರಿ. ಅಷ್ಟು ದೂರ ಬಂದು ಒಂದು ಲೋಟ ಕಾಫಿಗೂ ಬರಲಾಗದಷ್ಟು ಬೇಡವಾದೆನೇ?

ಇಷ್ಟಾದರೂ ಮೂವತ್ತು, ಮೂವತ್ತೊಂದನ್ನು ಫೆಬ್ರುವರಿಯಲ್ಲೇ ಹಿಡಿದಿದ್ದೇನೆ. ಗೇಟಿನಲ್ಲಿ ಗಾಡಿ ನಂಬರು ಕೇಳುತ್ತಾರೆ. ಇಳಾ ಬೇರೆ ಕಾರಿನಲ್ಲಿ ಬರುವುದಾದರೆ ಅವಳ ನಂಬರು ಕಳಿಸು.

ಲತಾ


ಪ್ಲಿಮತ್
28 ಏಪ್ರಿಲ್ 2025

ಲತಾ,

ಸಿಕ್ಕಿಬಿದ್ದೆ. ಇನ್ನು ಮುಚ್ಚಿಡುವುದಿಲ್ಲ.

ಇಳಾಗೆ ಸಂಬಂಧ ಕುದುರಿದೆ. ಹುಡುಗನ ಹೆಸರು ಸ್ವರೂಪ, ಕ್ಲೀವ್‌ಲ್ಯಾಂಡಿನಲ್ಲಿ ಮಕ್ಕಳ ಡಾಕ್ಟರು, ಮನೆಯವರು ಗದಗಿನ ಕಡೆಯವರು, ನಮ್ಮವರೇ. ಆಷಾಢ ಕಳೆದು ಶ್ರಾವಣದಲ್ಲಿ ನಿಶ್ಚಯ. ಗಟ್ಟಿಯಾಗುವ ತನಕ ಯಾರಿಗೂ ಬಾಯಿ ಬಿಡಬೇಡ ಎಂದು ನಮ್ಮ ಅತ್ತೆ ಆಣೆ ಹಾಕಿಸಿದ್ದರು. ಬಂದರೆ ನಿನ್ನ ಮುಖ ನೋಡಿ ಹೇಳಿಯೇಬಿಡುತ್ತೇನೆ ಎಂದು ಹೆದರಿ ಬರಲಿಲ್ಲ. ಇಳಾ ಅತ್ತಳೋ? ನನಗೆ ಗೊತ್ತಾಗಲಿಲ್ಲ. "ಸೀರಿ ನೀನ ಆರಿಸವಾ, ಐ ಡೋಂಟ್ ಕೇರ್" ಎಂದು ಹೊರಗೆ ಹೋದಳು. ಮದುವೆಗೆ ಮುಂಚೆ ಹೆಣ್ಣುಮಕ್ಕಳು ಅಳುವುದು ಇದ್ದದ್ದೇ.

ಸುದೀಪ ಶ್ರಾವಣದಲ್ಲಿ ರಜೆ ಹಾಕಬೇಕು. ಇಳಾಗೆ ಒಡಹುಟ್ಟಿದವರಿಲ್ಲ. ಜೋಡಿ ಕೆರೆಯಲ್ಲಿ ಬೆಂಕಿಯ ಮುಂದೆ ನಾನು ಎಲ್ಲರೆದುರು ಹೇಳಿದ್ದೆನಲ್ಲ, ಅವಳ ಮದುವೆಯಲ್ಲಿ ಅಣ್ಣನ ಜಾಗದಲ್ಲಿ ನಿಲ್ಲುವವನು ಅವನೇ ಎಂದು. ಆ ಮಾತು ಹಾಗೇ ಇದೆ.

ಇಳಾ ಕಾರಿನ ನಂಬರು ಡಿಕ್ಯೂಎಮ್ 3816. ಗೇಟಿನವರಿಗೆ ಇದೆಲ್ಲ ಇಷ್ಟು ಮುಂಚೆ ಯಾಕೆ ಬೇಕು?

ಪ್ರಭಾ


ನೇಪರ್ವಿಲ್
11 ಮೇ 2025

ಪ್ರಭಾ,

ಗೇಟಿನವರಿಗೆ ಬೇಕಿರಲಿಲ್ಲ. ನನಗೆ ಬೇಕಿತ್ತು. ಸುಳ್ಳು ಹೇಳಿ ಕೇಳಿದೆ.

ಫೆಬ್ರುವರಿಯಲ್ಲಿ ಬುಕ್ ಮಾಡಲು ನಮ್ಮ ಮನೆಯ ಅಕೌಂಟು ತೆರೆದಿದ್ದೆ. ಸುದೀಪ ಕಾಲೇಜಿನಲ್ಲಿದ್ದಾಗ ಮಾಡಿಕೊಟ್ಟದ್ದು, ಅವನೂ ಅದನ್ನೇ ಬಳಸುತ್ತಾನೆಂದು ನನಗೆ ಗೊತ್ತಿರಲಿಲ್ಲ. ಹಳೆಯ ಬುಕಿಂಗುಗಳ ಪಟ್ಟಿ ಕಂಡಿತು. 2022ರ ಮೇ, ಮರಳುದಿಬ್ಬ. ಅದೇ ಸೆಪ್ಟೆಂಬರ್, ಹೊಳೆ ದಂಡೆ, ಸೈಟು ಮೂವತ್ತೊಂದು. 2023ರ ಜೂನ್, ಮತ್ತೆ ಹೊಳೆ ದಂಡೆ, ಮತ್ತೆ ಮೂವತ್ತೊಂದು. ಪ್ರತಿ ಸಲವೂ ಇಬ್ಬರು ಜನ, ಒಂದು ಟೆಂಟು. ಗಾಡಿ ಎರಡು. ಒಂದರ ನಂಬರು ಸುದೀಪನದು, ಇನ್ನೊಂದು ಮಿಷಿಗನ್ನಿನ ಗಾಡಿ, ಡಿಕ್ಯೂಎಮ್ 3816.

ನಲ್ಲಿ ಸೋರುವುದು ಇಬ್ಬರಿಗೂ ಹೇಗೆ ಗೊತ್ತು ಎಂದು ಈಗ ತಿಳಿಯಿತೇ? ನೀನು ನನ್ನ ಮೇಲೆ, ನಾನು ನಿನ್ನ ಮೇಲೆ ಅನುಮಾನಪಡುತ್ತ ಕೂತಿದ್ದೆವು. ಅವರಿಬ್ಬರೂ ಎಲ್ಲ ಜಾಗ ನೋಡಿಕೊಂಡು ಬಂದಿದ್ದರು, ಪ್ರಭಾ. ಅದಕ್ಕೇ ಅವರಿಗೆ ಯಾವ ಜಾಗವೂ ಬೇಡ.

ಪಟ್ಟಿ 2023ರ ಜೂನ್‌ಗೆ ನಿಲ್ಲುತ್ತದೆ. ನಾವೆಲ್ಲ ಜೋಡಿ ಕೆರೆಗೆ ಹೋದದ್ದು ಆ ಆಗಸ್ಟ್. ಅಲ್ಲಿಂದ ಈಚೆಗೆ ಒಂದೂ ಇಲ್ಲ. ಜೋಡಿ ಕೆರೆಯಲ್ಲಿ ಏನಾಯಿತು? ಎಷ್ಟು ಯೋಚಿಸಿದರೂ ನನಗೆ ನೆನಪಾಗುವುದು ಒಂದೇ, ನೀನು ಬೆಂಕಿಯ ಮುಂದೆ ಹೇಳಿದ ಆ ಅಣ್ಣನ ಮಾತು. ನನ್ನ ಮಗನಿಗೆ ಎಂಥ ಮರ್ಯಾದೆ ಕೊಟ್ಟಳು ಎಂದು ಅಂದು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಂಡಿದ್ದೆ. ಪಾಪ, ನೀನು ಪ್ರೀತಿಯಿಂದ ಆಡಿದ ಮಾತು ಅವರಿಗೆ ಏಟಾಗಿರಬೇಕು.

ಸುದೀಪನನ್ನು ಇನ್ನೂ ಕೇಳಿಲ್ಲ. ನಿನ್ನನ್ನು ಕೇಳದೆ ಕೇಳಬಾರದು ಅನ್ನಿಸಿತು.

ಲತಾ


ಪ್ಲಿಮತ್
8 ಜೂನ್ 2025

ಲತಾ,

ನಾಲ್ಕು ವಾರದಿಂದ ಈ ಪತ್ರ ಬರೆದು ಅಳಿಸುತ್ತಿದ್ದೇನೆ. ಈಗ ಒಂದೇ ಉಸಿರಿಗೆ ಬರೆದು ಕಳಿಸಿಬಿಡುತ್ತೇನೆ.

ಅದು ಪ್ರೀತಿಯಿಂದ ಆಡಿದ ಮಾತಲ್ಲ.

ಜೋಡಿ ಕೆರೆಯಲ್ಲಿ ಎರಡನೆಯ ದಿನ ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗಿ ಬರುತ್ತಿದ್ದೆ. ನಿಮ್ಮ ಸೈಟಿನ ಹಿಂದಿನ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಇಳಾಳ ಕಾಲು ಅವನ ಮಡಿಲಲ್ಲಿತ್ತು. ಅವಳ ಹಿಮ್ಮಡಿಗೆ ಕಚ್ಚಿಕೊಂಡಿದ್ದ ಉಣ್ಣೆಹುಳುವನ್ನು ಅವನು ಚಿಮಟಿಗೆಯಿಂದ ಕೀಳುತ್ತಿದ್ದ. ಕಿತ್ತದ್ದಾಯಿತು, ಆದರೂ ಅವಳು ಕಾಲು ತೆಗೆಯಲಿಲ್ಲ, ಅವನೂ ಕೈ ತೆಗೆಯಲಿಲ್ಲ. ನನ್ನ ಮಗಳು ಹಾಗೆ ನಕ್ಕದ್ದನ್ನು ನಾನು ಎಂದೂ ಕಂಡಿರಲಿಲ್ಲ. ಇದನ್ನು ಇಲ್ಲಿಗೇ ನಿಲ್ಲಿಸಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಯಾಕೆಂದು ಕೇಳಬೇಡ, ನಿನಗೇ ಗೊತ್ತು. ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆ, ನಿಮ್ಮದು ವಾರಕ್ಕೆರಡು ಸಲ ಕೋಳಿ ಬೇಯುವ ಮನೆ. ಗದಗಿನಲ್ಲಿ ಅತ್ತೆಗೆ, ನಾದಿನಿಯರಿಗೆ ಏನು ಹೇಳಲಿ? ಕೂಡದು ಎಂದು ಬಾಯಿಬಿಟ್ಟು ಹೇಳಿದ್ದರೆ ಇಳಾ ಜಗಳಕ್ಕೆ ನಿಲ್ಲುತ್ತಿದ್ದಳು, ನಿನ್ನ ಸ್ನೇಹವೂ ಹೋಗುತ್ತಿತ್ತು. ಅದಕ್ಕೇ ಆ ಸಂಜೆ ಎಲ್ಲರೆದುರು ಅವನನ್ನು ಅಣ್ಣ ಎಂದೆ. ಒಮ್ಮೆ ಅಣ್ಣ ಎಂದ ಮೇಲೆ ನಮ್ಮಲ್ಲಿ ಮುಗಿಯಿತಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಿರಿ. ನೀನು ಕಣ್ಣೀರು ಹಾಕಿದೆ. ನಾನು ಗೆದ್ದೆ ಅಂದುಕೊಂಡೆ.

ಒಂದೇ ಟೆಂಟು ಎಂದು ನೀನು ಬರೆದದ್ದನ್ನು ಓದಿ ಮೊದಲು ಬಂದದ್ದು ಸಿಟ್ಟು. ಅವಳು ಹೊರಗೆ ಹೋದಾಗ ಕಳ್ಳಿಯಂತೆ ಅವಳ ಡ್ರಾಯರು ಹುಡುಕಿದೆ. ಏನೂ ಸಿಗಲಿಲ್ಲ. ಆಮೇಲೆ ಅವಳನ್ನೇ ನೋಡತೊಡಗಿದೆ. ಸ್ವರೂಪನ ಫೋನು ಬಂದಾಗ ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಮಾತಾಡಿ ಇಡುತ್ತಾಳೆ. ಒಳ್ಳೆಯ ಹುಡುಗ, ಅವನದೇನೂ ತಪ್ಪಿಲ್ಲ. ನನ್ನ ಮಗಳ ಬಾಳನ್ನು ನಾನೇ ಕೈಯಾರೆ ಕೆಡಿಸುತ್ತಿದ್ದೇನೆ ಅನ್ನಿಸಿ ಊಟ ಸೇರುತ್ತಿಲ್ಲ. ಇವರಿಗೆ ಎಲ್ಲ ಹೇಳಿದೆ. "ಎರಡ ವರ್ಷ ಹ್ಯಾಂಗ ನುಂಗಿಕೊಂಡಿದ್ದೀ? ನನಗರ ಹೇಳಬಾರದಾಗಿತ್ತ?" ಎಂದು ಬೈದರು.

ಸುದೀಪನನ್ನು ಕೇಳು. ಅವನ ಮನಸ್ಸಿನಲ್ಲಿ ಇನ್ನೂ ಇದ್ದರೆ ಈ ನಿಶ್ಚಯವನ್ನು ನಾನೇ ನಿಲ್ಲಿಸುತ್ತೇನೆ, ಗದಗಿನವರು ಏನಾದರೂ ಅಂದುಕೊಳ್ಳಲಿ. ಇಳಾಳನ್ನು ಕೇಳುವ ಮುಖ ನನಗಿಲ್ಲ.

ಪ್ರಭಾ


ನೇಪರ್ವಿಲ್
22 ಜೂನ್ 2025

ಪ್ರಭಾವತಿಯವರಿಗೆ,

ನಿಮ್ಮ ಪತ್ರ ಓದಿದೆ. ದಿನೇಶ್‌ಗೆ ಓದಲು ಕೊಡಲಿಲ್ಲ, ಕೊಟ್ಟರೆ ಇನ್ನೆಂದೂ ನಿಮ್ಮ ಡಾಕ್ಟರ ಮುಖ ನೋಡಲಾರರು.

ಪ್ರತಿ ವರ್ಷ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿ ನಮ್ಮ ಒಲೆ ಇಡುತ್ತಿದ್ದವಳು ನಾನು. ನಮ್ಮ ಹೊಗೆ ನಿಮ್ಮ ರೊಟ್ಟಿಗೆ ತಾಕಬಾರದು ಎಂದು. ಅದನ್ನು ಸ್ನೇಹ ಎಂದುಕೊಂಡು ಮಾಡಿದೆ. ನೀವು ನನ್ನ ಮಗನಿಗೆ ಅಣ್ಣ ಎಂಬ ಬೇಲಿ ಹಾಕಿದಿರಿ, ನಾನು ಅದಕ್ಕೆ ಆನಂದಬಾಷ್ಪ ಸುರಿಸಿದೆ. ಎಂಥ ದಡ್ಡಿ ನಾನು!

ಆದರೂ ಕೇಳಿದೆ. ನಿಮಗಾಗಿ ಅಲ್ಲ, ಅವನಿಗಾಗಿ. ಭಾನುವಾರ ಊಟವಾದ ಮೇಲೆ ಪಟ್ಟಿಯನ್ನು ಅವನ ಮುಂದಿಟ್ಟೆ. ಒಂದೊಂದೇ ತಾರೀಖು ಓದಿದ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಆ ಸಂಜೆ ನಾವು ನಿಮಗೆಲ್ಲಾ ಹೇಳೋಣ ಅಂತ ಡಿಸೈಡ್ ಮಾಡಿದ್ವಿ ಅಮ್ಮ. ಆಂಟಿ ಮೊದ್ಲು ಮಾತಾಡ್ಬಿಟ್ರು. ಅವರ ಮೇಲೆ ನನಗೆ ಕೋಪ ಇಲ್ಲ. ಇಳಾ ಏನಾದ್ರೂ ಹೇಳ್ತಾಳೆ ಅಂತ ಕಾದೆ. ಒಂದು ಮಾತು ಹೇಳ್ಲಿಲ್ಲ. ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದ್ಲು. ಆಂಟಿಗೆ ಹೇಳು, ನಿಶ್ಚಯ ನಿಲ್ಲಿಸೋದು ಬೇಡ. ನಾನು ಬರ್ತೀನಿ. ಅವರು ಹೇಳಿದ ಜಾಗದಲ್ಲೇ ನಿಂತ್ಕೋತೀನಿ."

ಹೇಳಿ ತಟ್ಟೆ ತೊಳೆಯಲು ಎದ್ದ. ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ಸುಮ್ಮನೆ ನಿಂತಿದ್ದ, ತಟ್ಟೆ ಕೈಯಲ್ಲೇ ಇತ್ತು.

ಮೂವತ್ತು, ಮೂವತ್ತೊಂದು ಎರಡನ್ನೂ ಕ್ಯಾನ್ಸಲ್ ಮಾಡಿದ್ದೇನೆ. ನಿಶ್ಚಯದ ತಾರೀಖು ತಿಳಿಸಿ. ಅವನು ಬರುತ್ತಾನೆ. ನಾನು ಬರಲಾರೆ.

ಲತಾಶ್ರೀ


ಪ್ಲಿಮತ್
28 ಜೂನ್ 2025, ಬೆಳಿಗ್ಗೆ 9.40, ನಿನ್ನ ಗಡಿಯಾರದಲ್ಲಿ 8.40

ಲತಾ,

ಫೋನು ಎತ್ತುತ್ತಿಲ್ಲ, ಎತ್ತಬೇಡ. ಇದನ್ನು ಮಾತ್ರ ಓದು.

ನಿನ್ನ ಪತ್ರವನ್ನೂ ನನ್ನದನ್ನೂ ನಿನ್ನೆ ಇಳಾ ಕೈಗೆ ಕೊಟ್ಟೆ. ಮುಖ ನೋಡಲಾಗದೆ ಹಿತ್ತಲಿಗೆ ಹೋಗಿ ಕೂತೆ. ಅವಳು ಅಲ್ಲಿಗೇ ಬಂದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು. "ನಿಂದಷ್ಟ ಅಲ್ಲವಾ. ಅವತ್ತ ನನಗ ಬಾಯಿತ್ತಲ್ಲ. ಐ ಕ್ಲ್ಯಾಪ್ಡ್" ಎಂದಳು. ಆಮೇಲೆ ಒಳಗೆ ಹೋಗಿ ಸ್ವರೂಪನಿಗೆ ತಾನೇ ಫೋನು ಮಾಡಿದಳು. ಈ ಸಲ ಗಡಿಯಾರ ನೋಡಿಕೊಳ್ಳಲಿಲ್ಲ. ಒಂದು ಗಂಟೆಯ ಮೇಲೆ ಮಾತಾಡಿದಳು, ಎಲ್ಲ ಹೇಳಿದಳು, ಕ್ಷಮೆ ಕೇಳಿದಳು. ನಿಶ್ಚಯ ಇಲ್ಲ. ಗದಗಿನ ಅತ್ತೆಗೆ ನಾನು ಇಂದು ಬೆಳಿಗ್ಗೆ ತಿಳಿಸಿದೆ. ಅವರು ಅಂದದ್ದನ್ನು ಇಲ್ಲಿ ಬರೆಯುವುದಿಲ್ಲ, ನನಗೆ ಅದು ಸಲ್ಲಬೇಕಾದದ್ದೇ.

ಅರ್ಧ ಗಂಟೆಯ ಹಿಂದೆ ಕಾರಿನ ಕೀಲಿ ತೆಗೆದುಕೊಂಡಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವಳೇ ಬಾಗಿಲಲ್ಲಿ ನಿಂತು "ಲತಾ ಆಂಟಿ ಮನಿಗೆ ಹೈವೇದಾಗ ಯಾವ ಎಕ್ಸಿಟ್?" ಎಂದಳು.

ಇದೂ ನನ್ನದೊಂದು ಆಟ ಎಂದು ನಿನಗೆ ಅನ್ನಿಸಬಹುದು. ಅನ್ನಿಸಿದರೆ ತಪ್ಪಿಲ್ಲ, ಆದರೆ ಈ ಸಲ ನಾನು ಏನೂ ಮಾಡಿಲ್ಲ. ಸುದೀಪ ಒಪ್ಪುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ, ಅವಳಿಗೂ ಗೊತ್ತಿಲ್ಲ. ಮೊದಲು ಆಂಟಿಗೆ, ಆಮೇಲೆ ಅವನಿಗೆ, ಹೇಳುವುದನ್ನು ಹೇಳಿ ಬರುತ್ತೇನೆ ಎಂದಷ್ಟೇ ಹೇಳಿ ಹೋದಳು.

ನಿನ್ನ ಮಧ್ಯಾಹ್ನದ ಹೊತ್ತಿಗೆ ಬಂದು ಸೇರುತ್ತಾಳೆ. ನಿನ್ನೆಯಿಂದ ಒಂದು ತುತ್ತು ತಿಂದಿಲ್ಲ. ನಿಮ್ಮ ಮನೆಯಲ್ಲಿ ಏನು ಮಾಡಿದ್ದೀಯೋ ಅದನ್ನೇ ಹಾಕು, ಲತಾ. ನಾನು ಏನೂ ಕೇಳುವುದಿಲ್ಲ.

ಪ್ರಭಾ